ಮುಟ್ಟು ನಿಲ್ಲುವ ಮುನ್ನ

ನಲವತ್ತಮೂರರ ಗೃಹಿಣಿಗೆ ಕೈ ಮೇಲೆತ್ತಿ ಜಡೆ ಹಾಕಿಕೊಳ್ಳಲಾಗದಷ್ಟು ಭುಜನೋವು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಫಿಸಿಯೊಥೆರಪಿಗೆ ಬರೆದುಕೊಡುತ್ತಾರೆ. ಎರಡು ತಿಂಗಳು ಕಳೆಯುವುದರೊಳಗೆ ರಾತ್ರಿ ಮಲಗಿದಲ್ಲೇ ಎದೆ ಡವಗುಟ್ಟತೊಡಗುತ್ತದೆ. ಹೃದಯದ ಡಾಕ್ಟರ ಬಳಿ ಇಸಿಜಿ, ಎಕೋ ಎರಡೂ ನಾರ್ಮಲ್. 'ಟೆನ್ಷನ್ ಮಾಡ್ಕೋಬೇಡಿ ಅಮ್ಮಾ' ಎಂಬ ಸಲಹೆ. ನಿದ್ದೆ ಬಾರದ್ದಕ್ಕೆ ಮೂಲೆಯ ಮೆಡಿಕಲ್ ಶಾಪಿನಿಂದ ಮಾತ್ರೆ. ಅಮ್ಮನಿಗೆ ಸಿಟ್ಟು ಜಾಸ್ತಿಯಾಗಿದೆ ಎಂದು ಮಕ್ಕಳು ಹೇಳುತ್ತವೆ. ಅತ್ತೆಯ ಪ್ರಕಾರ ಅದು ಉಷ್ಣ, ಎಳನೀರು ಕುಡಿದರೆ ಹೋಗುತ್ತದೆ. ವರ್ಷ ತುಂಬುವಷ್ಟರಲ್ಲಿ ಬೀರುವಿನಲ್ಲಿ ನಾಲ್ಕು ಆಸ್ಪತ್ರೆಗಳ ಫೈಲುಗಳು ಸೇರಿರುತ್ತವೆ. ಆ ನಾಲ್ಕು ಕಡೆಯೂ ಯಾರೂ ಕೇಳದೆ ಉಳಿದ ಪ್ರಶ್ನೆ ಒಂದೇ: 'ಡೇಟು ಸರಿಯಾಗಿ ಬರ್ತಿದೆಯಾ?'

ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಒಂದು ತಿಂಗಳು ಇಪ್ಪತ್ತೆರಡು ದಿನಕ್ಕೇ ಬಂತು, ಮುಂದಿನದು ಮೂವತ್ತೈದಕ್ಕೆ, ಅದರಾಚೆಯದು ಬರಲೇ ಇಲ್ಲ ಎಂದು. ಭುಜ, ಎದೆ, ನಿದ್ದೆ, ಸಿಟ್ಟು ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡುವ ದಾರಿ ಆಗ ತೆರೆದುಕೊಳ್ಳುತ್ತಿತ್ತು.

ಭಾರತದಲ್ಲಿ ಹೆಣ್ಣುಮಕ್ಕಳಿಗೆ ಸರಾಸರಿ 46-47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಯುರೋಪ್, ಅಮೆರಿಕಗಳಲ್ಲಿ ಇದು 51ರ ಆಸುಪಾಸು. ಮೊಬೈಲಿನಲ್ಲಿ ಸಿಗುವ ಮಾಹಿತಿಯೆಲ್ಲ ಹೆಚ್ಚಾಗಿ ಅಲ್ಲಿನದೇ ಆದ್ದರಿಂದ, ಓದಿದವರು ಕೂಡ 'ನನಗಿನ್ನೂ ಟೈಮಿದೆ' ಎಂದುಕೊಂಡಿರುತ್ತಾರೆ. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ಏರುಪೇರಿನ ಅವಧಿಗೆ ವೈದ್ಯರು ಪೆರಿಮೆನೊಪಾಸ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ನಾಲ್ಕೈದು ವರ್ಷ, ಕೆಲವರಲ್ಲಿ ಎಂಟು-ಹತ್ತು ವರ್ಷ ನಡೆಯುತ್ತದೆ. ಅಂದರೆ ನಮ್ಮ ಕಡೆಯ ಹೆಂಗಸರಲ್ಲಿ ಅದು ಶುರುವಾಗುವುದು ನಲವತ್ತರ ಹೊಸ್ತಿಲಲ್ಲೇ. ಮಗಳ ಎಸ್ಸೆಸ್ಸೆಲ್ಸಿ, ಮಗನ ಸಿಇಟಿ, ಮಾವನ ಬೈಪಾಸ್, ಮನೆಸಾಲದ ಕಂತು ಎಲ್ಲ ಒಟ್ಟಿಗೆ ಹೆಗಲೇರುವ ವಯಸ್ಸದು. ಹಾಗಾಗಿ ಮೈಯಲ್ಲಿ ಆದದ್ದೆಲ್ಲ ಸಂಸಾರದ ಸುಸ್ತಿನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ.

ಇದಕ್ಕೆ ತಯಾರಿ ನಲವತ್ತಕ್ಕೇ ಶುರುವಾಗಬೇಕು ಎಂಬುದನ್ನು ಹೇಳಲೆಂದೇ ಈ ಲೇಖನ. ಏನಾಗುತ್ತಿದೆ ಎಂದು ಗೊತ್ತಿಲ್ಲದ ಹೆಣ್ಣು ಎರಡು ರೀತಿಯಲ್ಲಿ ಬೆಲೆ ತೆರುತ್ತಾಳೆ. ಸಹಿಸಬೇಕಿಲ್ಲದ್ದನ್ನು ವರ್ಷಗಟ್ಟಲೆ ಸಹಿಸುತ್ತಾಳೆ. ಅದಕ್ಕಿಂತ ಕೆಟ್ಟದ್ದು, ತೆಗೆಸಬೇಕಿಲ್ಲದ ಗರ್ಭಕೋಶವನ್ನು ತೆಗೆಸಿಕೊಳ್ಳುತ್ತಾಳೆ.

ಒಳಗೆ ನಡೆಯುವುದೇನು?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಎಳೆ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿದಿರುತ್ತವೆ. ಅವುಗಳಲ್ಲಿ ಬಲಿತು ಹೊರಬೀಳುವವು ಇಡೀ ಜೀವಮಾನಕ್ಕೆ ನಾನೂರು-ಐನೂರು ಮಾತ್ರ. ಉಳಿದವು ತಾವಾಗಿಯೇ ಕರಗಿಹೋಗುತ್ತವೆ. ಮೂವತ್ತರ ಕೊನೆಯ ವರ್ಷಗಳಿಂದ ಈ ಕರಗುವಿಕೆ ಚುರುಕಾಗುತ್ತದೆ. ಅಂಡಾಶಯ ಮೊದಲಿನಂತೆ ಓಗೊಡುತ್ತಿಲ್ಲವೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸುತ್ತದೆ. ಈ ಒತ್ತಾಯಕ್ಕೆ ಅಂಡಾಶಯ ಒಂದು ತಿಂಗಳು ಅತಿಯಾಗಿ ಸ್ಪಂದಿಸುತ್ತದೆ, ಇನ್ನೊಂದು ತಿಂಗಳು ಸುಮ್ಮನಿರುತ್ತದೆ.

ಈಸ್ಟ್ರೊಜೆನ್ ಹಾರ್ಮೋನು ದಿನೇ ದಿನೇ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಈ ವರ್ಷಗಳಲ್ಲಿ ಅದು ಕೆಲವೊಮ್ಮೆ ಇಪ್ಪತ್ತೈದರ ವಯಸ್ಸಿನಲ್ಲಿದ್ದುದಕ್ಕಿಂತಲೂ ಮೇಲೇರಿ, ಆಮೇಲೆ ಧಡಕ್ಕನೆ ಬೀಳುತ್ತದೆ. ವೋಲ್ಟೇಜು ಏರಿಳಿಯುವ ಊರಿನ ಬಲ್ಬಿನಂತೆ ಮೈಯೂ ಮನಸ್ಸೂ ಮಿಣುಕುವುದು ಈ ಏರಿಳಿತಕ್ಕೇ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ತಯಾರಾಗುವುದಿಲ್ಲ. ಗರ್ಭಕೋಶದ ಒಳಪದರವನ್ನು ಹತೋಟಿಯಲ್ಲಿಡುವ ಹಾರ್ಮೋನು ಅದು. ಅದಿಲ್ಲದೆ ಪದರ ದಪ್ಪವಾಗುತ್ತ ಹೋಗಿ ಒಂದು ದಿನ ಧಾರಾಳವಾಗಿ ಕಳಚಿಬೀಳುತ್ತದೆ. ತಿಂಗಳು ತಪ್ಪಿ ಬಂದ ಮುಟ್ಟು ಗಡ್ಡೆಗಡ್ಡೆಯಾಗಿ, ಹತ್ತು-ಹನ್ನೆರಡು ದಿನ ಹೋಗುವುದು ಬಹುಪಾಲು ಈ ಕಾರಣಕ್ಕೆ.

ಗುರುತಿಸುವುದು ಹೇಗೆ? ವೈದ್ಯರು ಬಳಸುವ ಅಳತೆ ಬಹಳ ಸರಳ. ಒಂದು ಮುಟ್ಟಿನಿಂದ ಇನ್ನೊಂದಕ್ಕಿರುವ ಅಂತರ ಏಳು ದಿನ ಅಥವಾ ಅದಕ್ಕೂ ಹೆಚ್ಚು ಹಿಂದೆ-ಮುಂದೆ ಆಗತೊಡಗಿ, ಅದು ಮತ್ತೆ ಮತ್ತೆ ಮರುಕಳಿಸಿದರೆ ಪೆರಿಮೆನೊಪಾಸ್ ಶುರುವಾಗಿದೆ ಎಂದರ್ಥ. ಎರಡು ಮುಟ್ಟಿನ ನಡುವೆ 60 ದಿನ ದಾಟತೊಡಗಿದರೆ ಕೊನೆಯ ಹಂತ. ಅಲ್ಲಿಂದ ಪೂರ್ತಿ ನಿಲ್ಲಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮಾತ್ರ ಋತುಬಂಧವಾಯಿತು ಎನ್ನಬೇಕು. ಹನ್ನೊಂದನೆಯ ತಿಂಗಳಲ್ಲಿ ಒಮ್ಮೆ ಕಾಣಿಸಿಕೊಂಡರೆ ಲೆಕ್ಕ ಮತ್ತೆ ಮೊದಲಿನಿಂದ. ಇದಕ್ಕೆಲ್ಲ ಬೇಕಾದ ಸಲಕರಣೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವಲ್ಲೇ ಒಂದು ಗುರುತು ಹಾಕಿದರೆ ಸಾಕು.

ನಲವತ್ತೈದು ದಾಟಿದವರಲ್ಲಿ ಇದನ್ನು ಪತ್ತೆಮಾಡಲು ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಎಫ್‌ಎಸ್‌ಎಚ್ ಇಂದು ಒಂದು, ಮುಂದಿನ ವಾರ ಇನ್ನೊಂದು. ಆ ವರದಿಯನ್ನು ನಂಬಿ ಕೂತವರು ದಾರಿ ತಪ್ಪುತ್ತಾರೆ. ಆದರೆ ಥೈರಾಯ್ಡ್ ಮತ್ತು ಹಿಮೊಗ್ಲೋಬಿನ್ ಪರೀಕ್ಷೆಗಳನ್ನು ಬಿಡಬಾರದು, ಏಕೆಂದರೆ ಥೈರಾಯ್ಡ್ ತೊಂದರೆಯೂ ರಕ್ತಹೀನತೆಯೂ ಇದೇ ವೇಷದಲ್ಲಿ ಬರುತ್ತವೆ. ನಲವತ್ತಕ್ಕೂ ಮುನ್ನ ಮುಟ್ಟು ನಿಲ್ಲುವ ಲಕ್ಷಣ ಕಂಡರೆ ಮಾತ್ರ ಹಾರ್ಮೋನಿನ ಪರೀಕ್ಷೆ ತಪ್ಪದೆ ಆಗಬೇಕು. ಹಾಗೆ ಅಕಾಲದಲ್ಲಿ ನಿಂತವರ ಮೂಳೆ, ಹೃದಯ ಎರಡೂ ಅಪಾಯದಲ್ಲಿರುತ್ತವೆ. ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನವರೆಗೂ ಅವರಿಗೆ ಹಾರ್ಮೋನು ಕೊಡುವುದು ಇಂದಿನ ಒಪ್ಪಿತ ಚಿಕಿತ್ಸೆ.

ಇನ್ನೊಂದು ವಿಷಯ ಎಷ್ಟೋ ದಂಪತಿಗೆ ತಿಳಿದಿರುವುದಿಲ್ಲ. ತಿಂಗಳು ತಪ್ಪುತ್ತಿದ್ದರೂ ನಡುನಡುವೆ ಅಂಡ ಬಿಡುಗಡೆಯಾಗುತ್ತಲೇ ಇರುತ್ತದೆ, ಬಸಿರಾಗುವ ಸಾಧ್ಯತೆಯೂ ಇದ್ದೇ ಇರುತ್ತದೆ. ಐವತ್ತು ದಾಟಿದವರು ಕೊನೆಯ ಮುಟ್ಟಿನಿಂದ ಒಂದು ವರ್ಷ, ಐವತ್ತರ ಒಳಗಿನವರು ಎರಡು ವರ್ಷ ಗರ್ಭನಿರೋಧಕ ಬಳಸಬೇಕು.

ಬೆಂಕಿಯಿಲ್ಲದ ಉರಿ

ಎದೆಯ ಮಟ್ಟದಿಂದ ಝಳ ಏಳುತ್ತದೆ, ಕತ್ತು ಮುಖ ಕಿವಿಗಳೆಲ್ಲ ಕೆಂಪೇರುತ್ತವೆ, ರವಿಕೆ ಒದ್ದೆಯಾಗುತ್ತದೆ. ಎರಡು-ಮೂರು ನಿಮಿಷಗಳಲ್ಲಿ ಎಲ್ಲ ಇಳಿದು, ಹಿಂದೆಯೇ ಚಳಿ. ಹಾಟ್ ಫ್ಲಶ್ ಎನ್ನುವ ಈ ಉರಿ ಹೊರಗಿನ ಸೆಕೆಗೆ ಬಂದದ್ದಲ್ಲ. ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ಮೈ ಬಿಸಿಯನ್ನು ಕಾಯುತ್ತದೆ. ಈಸ್ಟ್ರೊಜೆನ್ ಕುಸಿದಾಗ ಅಲ್ಲಿನ ಒಂದು ಗುಂಪು ನರಕೋಶಗಳು ಅತಿ ಚುರುಕಾಗಿ, ಕಾಲು-ಅರ್ಧ ಡಿಗ್ರಿ ಬಿಸಿ ಏರಿದರೂ ಮೈ ಕಾದುಹೋಯಿತೆಂದು ಎಚ್ಚರಿಕೆ ಕೊಡುತ್ತವೆ. ಆಗ ಚರ್ಮದ ರಕ್ತನಾಳಗಳು ಅಗಲವಾಗಿ ಬೆವರು ಕಿತ್ತುಬರುತ್ತದೆ. ಎದೆ ಡವಗುಟ್ಟುವುದು ಕೂಡ ಅದರ ಜೊತೆಯದೇ. ಈ ನರಕೋಶಗಳನ್ನೇ ಗುರಿಯಾಗಿಸಿದ, ಹಾರ್ಮೋನಲ್ಲದ ಫೆಜೊಲಿನೆಟಂಟ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೆಂಗಸರ ಕಲ್ಪನೆ ಎಂದು ತಳ್ಳಿಹಾಕಿದ್ದ ಉರಿಗೆ ಮೆದುಳಿನಲ್ಲಿ ಜಾಗ ಗುರುತಿಸಿ ಔಷಧ ಮಾಡಿದ್ದಾರೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಆರು ತಿಂಗಳು ತಡೆದುಕೊಂಡರೆ ಹೋಗುತ್ತದೆ ಎನ್ನುವ ಮಾತು ನಿಜವಲ್ಲ. ಅಮೆರಿಕದ ಹಲವು ಊರುಗಳ ಹೆಂಗಸರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ 'ಸ್ವಾನ್' ಅಧ್ಯಯನದಲ್ಲಿ, ಪದೇ ಪದೇ ಉರಿ ಬರುವವರಿಗೆ ಅದು ನಡೆದ ಅವಧಿಯ ಮಧ್ಯಾಂಕ 7.4 ವರ್ಷ. ಮುಟ್ಟು ನಿಲ್ಲುವ ಮೊದಲೇ ಶುರುವಾದವರಿಗೆ ಇನ್ನೂ ದೀರ್ಘ. ನಮ್ಮಲ್ಲಿ ಉರಿಯಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳುವುದು ಕೀಲುನೋವು, ಮೈಕೈ ನೋವು, ಸುಸ್ತು. ವೈದ್ಯರ ಗಮನ ಬೇರೆಡೆಗೆ ಹೋಗಲು ಇದೂ ಒಂದು ಕಾರಣ. ಭುಜ ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಚ್ಚಾಗಿ ಕಾಣಿಸುವುದು ನಲವತ್ತರಿಂದ ಅರವತ್ತರ ಹೆಂಗಸರಲ್ಲಿ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು.

ರಾತ್ರಿ ಬೆವರಿ ಎರಡು ಸಲ ಎದ್ದ ಹೆಣ್ಣು ಬೆಳಗ್ಗೆ ಐದಕ್ಕೆ ಡಬ್ಬಿ ಕಟ್ಟಲು ಏಳಲೇಬೇಕು. ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುತ್ತಾಳೆ. ಇದು ಅರಳುಮರಳಿನ ಆರಂಭವೆಂಬ ಭಯ ಎಷ್ಟೋ ಮಂದಿಗಿದೆ. ಈ ಮರೆವು ಹೆಚ್ಚಿನವರಲ್ಲಿ ತಾತ್ಕಾಲಿಕ. ಆದರೆ ಮನಸ್ಸಿನ ಮಂಕು ಬೇರೆ ಮಾತು. ಪೆರಿಮೆನೊಪಾಸಿನ ವರ್ಷಗಳಲ್ಲಿ ಖಿನ್ನತೆಯ ಸಂಭವ ನಿಜಕ್ಕೂ ಹೆಚ್ಚು. ಹಿಂದೆ ಬಾಣಂತನದಲ್ಲಿ ಅಥವಾ ಬೇರೆ ಸಂದರ್ಭದಲ್ಲಿ ಖಿನ್ನತೆ ಬಂದವರಿಗೆ ಇನ್ನೂ ಹೆಚ್ಚು. ಎರಡು ವಾರ ಸತತವಾಗಿ ಯಾವುದರಲ್ಲೂ ಆಸೆ ಇಲ್ಲ, ಬದುಕು ಸಾಕು ಎನ್ನಿಸುತ್ತಿದೆ ಎಂದರೆ ಮನೆಯವರು 'ವಯಸ್ಸಿನ ದೋಷ' ಎನ್ನದೆ ಅವತ್ತೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗರ್ಭಕೋಶದ ಮೇಲೇಕೆ ಕತ್ತಿ?

ಈ ಲೇಖನ ಬರೆಯಲು ಹೊರಟಾಗ ಮೊದಲು ನೆನಪಾದದ್ದು ಕಲಬುರಗಿ ಜಿಲ್ಲೆಯ ತಾಂಡಾಗಳು. 2015ರ ಸುಮಾರಿಗೆ ಅಲ್ಲಿನ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೀದಿಗಿಳಿದು ಪ್ರತಿಭಟಿಸಿದರು. ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗಿದೆ ಎಂಬುದು ಅವರ ದೂರು. ಅವರಲ್ಲಿ ಬಹಳಷ್ಟು ಮಂದಿ ನಲವತ್ತು ಮುಟ್ಟದವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಕತೆ 2019ರಲ್ಲಿ ಹೊರಬಂತು. ಅಲ್ಲಿನ ಸರ್ಕಾರಿ ಸಮಿತಿ ಸಮೀಕ್ಷೆಗೊಳಪಡಿಸಿದ 82 ಸಾವಿರ ಕಾರ್ಮಿಕ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಮುಟ್ಟಿನ ದಿನಗಳ ಕೂಲಿ ತಪ್ಪಬಾರದು, ಕೂಲಿ ಗುತ್ತಿಗೆದಾರನಾದ ಮುಕಾದಮನಿಗೆ ದಂಡ ಕಟ್ಟುವಂತಾಗಬಾರದು ಎಂಬುದೂ ಕಾರಣಗಳಲ್ಲಿ ಸೇರಿತ್ತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತೋರಿಸಿದಂತೆ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುತ್ತವೆ, ಮತ್ತು ಹೆಂಗಸರು ಹೇಳುವ ಮುಖ್ಯ ಕಾರಣ ಅತಿಯಾದ ರಕ್ತಸ್ರಾವ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಕಾನೂನಿಗಿಂತ ಮೊದಲು ತಿಳಿಯಬೇಕಾದದ್ದು, ಆ ಅತಿಸ್ರಾವಕ್ಕೆ ಬೇರೆ ದಾರಿಗಳಿವೆ ಎಂಬುದು. ಸ್ರಾವದ ದಿನಗಳಲ್ಲಷ್ಟೇ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಪ್ರೊಜೆಸ್ಟರಾನ್ ಬಗೆಯ ಮಾತ್ರೆಗಳಿವೆ. ಎಲ್ಲಕ್ಕಿಂತ ಉಪಯುಕ್ತವೆಂದು ನನಗೆ ಅನ್ನಿಸುವುದು ಹಾರ್ಮೋನು ಸೂಸುವ ಪುಟ್ಟ ಸಾಧನ. ಕಾಪರ್-ಟಿಯಂತೆಯೇ ಅದನ್ನು ಗರ್ಭಕೋಶದೊಳಗೆ ಇಡುತ್ತಾರೆ. ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಸ್ರಾವವನ್ನು ಬಹಳ ಕಡಿಮೆ ಮಾಡುತ್ತದೆ, ಗರ್ಭನಿರೋಧಕವೂ ಹೌದು. ನಲವತ್ತನಾಲ್ಕರಲ್ಲಿ ಹಾಕಿಸಿಕೊಂಡವರು ಅದರ ಅವಧಿ ಮುಗಿಯುವಷ್ಟರಲ್ಲಿ ಮುಟ್ಟು ನಿಲ್ಲುವ ದಡ ಸೇರಿರುತ್ತಾರೆ. ಕ್ಯಾನ್ಸರ್ ಇದ್ದಾಗ, ಬೇರೆ ಚಿಕಿತ್ಸೆಗೆ ಬಗ್ಗದ ದೊಡ್ಡ ಫೈಬ್ರಾಯ್ಡ್ ಇದ್ದಾಗ, ಗರ್ಭಕೋಶ ತೀರ ಕೆಳಗೆ ಜಾರಿದಾಗ ಶಸ್ತ್ರಚಿಕಿತ್ಸೆ ಬೇಕಾದೀತು; ಅದು ಜೀವ ಉಳಿಸುವುದೂ ಉಂಟು. 'ಮಕ್ಕಳಾಯ್ತಲ್ಲ, ಇನ್ಯಾಕೆ ಅದು' ಎಂಬ ಮಾತು ಮಾತ್ರ ಯಾವ ವೈದ್ಯಗ್ರಂಥದಲ್ಲೂ ಕಾರಣವಾಗಿ ಬರೆದಿಲ್ಲ. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಮರುದಿನವೇ ಋತುಬಂಧ, ಉರಿಯೂ ಮೂಳೆ ಸವೆತವೂ ಒಮ್ಮೆಗೇ ಮೈಮೇಲೆ. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರುವ ಸಂಭವ ಹೆಚ್ಚುತ್ತದೆ.

ಹೀಗೆ ಗರ್ಭಕೋಶ ತೆಗೆಸುವುದರಲ್ಲಿ ಮಡಿಮೈಲಿಗೆಯ ಪಾಲನ್ನೂ ಮರೆಯಲಾಗದು. ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಹೊರಗಿಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಊರೊಳಗಿನ ಎಷ್ಟೋ ಮನೆಗಳಲ್ಲೂ 'ಹೊರಗೆ ಕೂರುವುದು' ಬೇರೆ ರೂಪದಲ್ಲಿ ಉಳಿದಿದೆ. ತಿಂಗಳಿಗೆ ಮೂರು ದಿನದ ಮಾತಾದಾಗ ಹೇಗೋ ನಡೆಯುತ್ತಿತ್ತು. ನಲವತ್ತೈದರಲ್ಲಿ ಸ್ರಾವ ಹದಿನೈದು ದಿನಕ್ಕೆ ಹಬ್ಬಿದರೆ ಹದಿನೈದು ದಿನವೂ ಹೊರಗೆ. ಅಂಥವಳಿಗೆ 'ತೆಗೆಸಿಬಿಡೋಣ' ಎಂಬ ಮಾತು ಬಿಡುಗಡೆಯಂತೆ ಕೇಳಿಸಿದರೆ ಆಶ್ಚರ್ಯವೇನು? ಇನ್ನು ವರಮಹಾಲಕ್ಷ್ಮಿ ವ್ರತಕ್ಕೆ, ಮಗಳ ಮದುವೆಗೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಚೀಟಿಯಿಲ್ಲದೆ ತಂದು ನುಂಗುವುದು ಮನೆಮನೆಯ ರೂಢಿ. ಏರುಪೇರಿನ ವಯಸ್ಸಿನಲ್ಲಿ ಇದು ಸ್ರಾವದ ಲೆಕ್ಕವನ್ನೇ ಕೆಡಿಸುತ್ತದೆ. ಬಿಪಿ ಇರುವವರಲ್ಲಿ, ದಪ್ಪಗಿರುವವರಲ್ಲಿ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಲ್ಲಿ ಅಪಾಯವನ್ನೂ ತರಬಹುದು. ದಯವಿಟ್ಟು ವೈದ್ಯರನ್ನು ಕೇಳದೆ ನುಂಗಬೇಡಿ.

ಯಾವ ಸ್ರಾವಕ್ಕೆ ಓಡಬೇಕು? ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಏಳೆಂಟು ದಿನ ದಾಟಿದರೆ, ಎರಡು ಮುಟ್ಟಿನ ನಡುವೆ ಅಥವಾ ಸೇರಿದ ಮೇಲೆ ರಕ್ತ ಕಂಡರೆ ತಡಮಾಡಬಾರದು. ವರ್ಷ ತುಂಬಿ, ಋತುಬಂಧವಾಯಿತು ಎಂದುಕೊಂಡ ಮೇಲೆ ಒಂದು ಹನಿ ಕಂಡರೂ ಪರೀಕ್ಷೆ ಆಗಲೇಬೇಕು. ಹಾಗೆ ರಕ್ತ ಕಂಡವರಲ್ಲಿ ಹತ್ತಕ್ಕೆ ಒಬ್ಬರ ಸುಮಾರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಿಗುತ್ತದೆ. ಬೇಗ ಸಿಕ್ಕರೆ ಚೆನ್ನಾಗಿ ಗುಣವಾಗುವ ಕ್ಯಾನ್ಸರ್ ಅದು. 'ಮತ್ತೆ ಮುಟ್ಟಾದೆ, ಇನ್ನೂ ವಯಸ್ಸಿದೆ' ಎಂದು ಖುಷಿಪಟ್ಟು ಸುಮ್ಮನಿದ್ದವರೇ ತಡವಾಗಿ ಬರುವುದು.

ಹಾರ್ಮೋನಿನ ಭಯ ಎಲ್ಲಿಂದ ಬಂತು?

2002ರ ಜುಲೈನಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಲಾಯಿತು. ಈಸ್ಟ್ರೊಜೆನ್-ಪ್ರೊಜೆಸ್ಟಿನ್ ಎರಡನ್ನೂ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಸುದ್ದಿ ಜಗತ್ತಿನ ಮೂಲೆಮೂಲೆಗೆ ಹಬ್ಬಿ, ವೈದ್ಯರು ಬರೆಯುವುದನ್ನೂ ಹೆಂಗಸರು ನುಂಗುವುದನ್ನೂ ನಿಲ್ಲಿಸಿದರು. ಹೆಚ್ಚಳ ಎಷ್ಟಿತ್ತು ಎಂದರೆ, ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು. ಅಧ್ಯಯನಕ್ಕೆ ಸೇರಿದವರ ಸರಾಸರಿ ವಯಸ್ಸು 63; ಮುಟ್ಟು ನಿಂತು ಹತ್ತಾರು ವರ್ಷ ಕಳೆದವರೇ ಬಹಳ. ಗರ್ಭಕೋಶ ಇಲ್ಲದ, ಈಸ್ಟ್ರೊಜೆನ್ ಒಂದನ್ನೇ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯಾಗಿತ್ತು ಎಂಬ ಮುಂದಿನ ಫಲಿತಾಂಶ ಯಾರ ಕಿವಿಗೂ ಬೀಳಲಿಲ್ಲ.

ನಂತರದ ವಿಶ್ಲೇಷಣೆಗಳಿಂದ ಇಂದು ತಜ್ಞರು ಬಂದು ನಿಂತಿರುವ ಜಾಗ ಹೀಗಿದೆ: ಅರವತ್ತರೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ಆರೋಗ್ಯವಂತ ಹೆಣ್ಣಿಗೆ ಉರಿ-ಬೆವರು ತೀವ್ರವಾಗಿದ್ದರೆ ಹಾರ್ಮೋನು ಚಿಕಿತ್ಸೆಯೇ ಎಲ್ಲಕ್ಕಿಂತ ಪರಿಣಾಮಕಾರಿ, ಅಂಥವರಲ್ಲಿ ಲಾಭ ಅಪಾಯಕ್ಕಿಂತ ಹೆಚ್ಚು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಬಹುಮಟ್ಟಿಗೆ ತೆಗೆಯುವುದಾಗಿ ಪ್ರಕಟಿಸಿತು. ಆದರೂ ಇದು ಎಲ್ಲರಿಗೂ ಆಗುವ ಔಷಧವಲ್ಲ. ಸ್ತನ ಕ್ಯಾನ್ಸರ್ ಬಂದಿದ್ದವರು, ಹೃದಯಾಘಾತ-ಪಾರ್ಶ್ವವಾಯು ಆದವರು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಯಕೃತ್ತಿನ ತೀವ್ರ ಕಾಯಿಲೆಯವರು, ಕಾರಣ ತಿಳಿಯದ ಸ್ರಾವ ಇರುವವರು ತೆಗೆದುಕೊಳ್ಳುವಂತಿಲ್ಲ. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಹಾರ್ಮೋನು ಬೇಡ ಎನ್ನುವವರಿಗೆ ಕೆಲವು ಖಿನ್ನತೆ-ನಿವಾರಕಗಳು, ಗ್ಯಾಬಪೆಂಟಿನ್, ಮನೋಚಿಕಿತ್ಸೆಯ ಒಂದು ಕ್ರಮವಾದ ಸಿಬಿಟಿ ಉರಿಯನ್ನು ತಗ್ಗಿಸುತ್ತವೆ. ಶತಾವರಿ, ಸೋಯಾಗಳ ಬಗ್ಗೆ ಜಾಹೀರಾತು ಹೇಳುವಷ್ಟು ಗಟ್ಟಿಯಾದ ಪುರಾವೆ ಇಲ್ಲ. ಸಾವಿರಾರು ರೂಪಾಯಿಯ ಡಬ್ಬಿ ಕೊಳ್ಳುವ ಮುನ್ನ ಆ ದುಡ್ಡಿನಲ್ಲಿ ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಂಡು ಬರುವುದು ಮೇಲು.

ಹೇಳಿಕೊಳ್ಳಲಾಗದ ನೋವು

ಡಾ. ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ', 'ತಾಯಿ ಮಗು' ಪುಸ್ತಕಗಳು ಕನ್ನಡದ ಮನೆಗಳಲ್ಲಿ ಮದುವೆ, ಬಸಿರು, ಬಾಣಂತನದ ಮಾತಿಗೆ ಮರ್ಯಾದೆ ತಂದುಕೊಟ್ಟವು. ಅಷ್ಟು ಸಲೀಸಾದ ಮಾತು ನಲವತ್ತೆಂಟರ ಹೆಣ್ಣಿನ ದಾಂಪತ್ಯದ ಬಗ್ಗೆ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಈಸ್ಟ್ರೊಜೆನ್ ಇಳಿದಂತೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಕೂಡುವಾಗ ನೋವು, ಮೂತ್ರ ಉರಿ, ಪದೇ ಪದೇ ಮೂತ್ರದ ಸೋಂಕು, ಕೆಮ್ಮಿದರೆ ಸೀನಿದರೆ ಹನಿ ಜಾರುವುದು ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಮೈ ಬಿಸಿಯೇರುವ ಉರಿ ಕೆಲವು ವರ್ಷಕ್ಕೆ ತಣಿದೀತು. ಈ ಒಣಗುವಿಕೆ ಚಿಕಿತ್ಸೆಯಿಲ್ಲದೆ ತಾನಾಗಿ ಹೋಗುವುದಿಲ್ಲ, ಹೆಚ್ಚುತ್ತದೆ. ಹೆಂಡತಿ ದೂರ ಸರಿದಾಗ ಗಂಡ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾನೆ. ನೋವಾಗುತ್ತದೆ ಎಂದು ಹೇಳಲು ಅವಳಿಗೆ ನಾಚಿಕೆ. ಅಲ್ಲಿಂದಾಚೆಗೆ ಎರಡು ಹಾಸಿಗೆ.

ಇದಕ್ಕಿರುವ ಚಿಕಿತ್ಸೆ ಎಷ್ಟು ಸುಲಭವೆಂದರೆ ಸಿಟ್ಟೇ ಬರುತ್ತದೆ. ಒಳಗೆ ಹಚ್ಚುವ, ಅತ್ಯಲ್ಪ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ತೀರ ಕಡಿಮೆ, ಆದ್ದರಿಂದ ಮಾತ್ರೆಯ ಭಯಗಳು ಇದಕ್ಕಿಲ್ಲ. ಮೂತ್ರದ ಸೋಂಕೂ ಕಡಿಮೆಯಾಗುತ್ತದೆ. ಸ್ತನ ಕ್ಯಾನ್ಸರ್ ಆದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ ಬಳಸಬೇಕು. ಬರೀ ಜಾರು ಜೆಲ್‌ಗಳೂ ಸಿಗುತ್ತವೆ. ಮೂತ್ರ ಹನಿಯುವುದಕ್ಕೆ ಶ್ರೋಣಿ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಮೂರು ತಿಂಗಳು ಬಿಡದೆ ಮಾಡಿದರೆ ಫಲ ಕಾಣುತ್ತದೆ. ವೈದ್ಯರ ಮುಂದೆ ಹೇಳಲು ಮಾತು ಹೊರಡದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ರಾಗಿ, ಎಳ್ಳು, ಬಿಸಿಲು

ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆ ಸವೆಯುವ ವೇಗ ಜೀವಮಾನದಲ್ಲೇ ಹೆಚ್ಚು; ನೂರಕ್ಕೆ ಹತ್ತು ಪಾಲು, ಕೆಲವರಲ್ಲಿ ಇನ್ನೂ ಹೆಚ್ಚು ಸಾಂದ್ರತೆ ಈ ಅವಧಿಯಲ್ಲೇ ಹೋಗಿಬಿಡುತ್ತದೆ. ಐಸಿಎಂಆರ್ ಪ್ರಕಾರ ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ಹಳೇ ಮೈಸೂರು ಸೀಮೆಯವರಿಗೆ ಇದರಲ್ಲಿ ಹುಟ್ಟಾ ಅನುಕೂಲವಿದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಉತ್ತರ ಕರ್ನಾಟಕದ ಜೋಳದಲ್ಲಿ ಅಷ್ಟಿಲ್ಲ, ಮೂವತ್ತಕ್ಕೂ ಕಡಿಮೆ. ಆದರೆ ಸಜ್ಜಿ ರೊಟ್ಟಿಗೆ ಹಚ್ಚುವ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿ.ಗ್ರಾಂ. ಮೀರಿ ಇದೆ, ಸಂಕ್ರಾಂತಿಗಷ್ಟೇ ಮೀಸಲಿಡದೆ ದಿನವೂ ಒಂದೆರಡು ಚಮಚ ಎಳ್ಳಿನ ಚಟ್ನಿಪುಡಿ ತಿನ್ನಬಹುದು. ಕರಾವಳಿಯವರಿಗೆ ಮುಳ್ಳು ಸಹಿತ ತಿನ್ನುವ ಸಣ್ಣ ಮೀನಿದೆ. ನುಗ್ಗೆಸೊಪ್ಪು, ಹಾಲು, ಮೊಸರು ಎಲ್ಲರ ಕೈಗೆಟಕುವಂಥವು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಿಸಿಲು ಕಾಣದವರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ, ಪರೀಕ್ಷಿಸಿ ಮಾತ್ರೆ ತೆಗೆದುಕೊಳ್ಳಬೇಕಾಗಬಹುದು.

ಊಟದಷ್ಟೇ ಮುಖ್ಯವಾದದ್ದು ಸ್ನಾಯು. 'ಮನೆಕೆಲಸ ಮಾಡ್ತೀನಲ್ಲ, ಅದೇ ವ್ಯಾಯಾಮ' ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಿಂತು ರೊಟ್ಟಿ ತಟ್ಟುವುದರಿಂದ ಮೈ ದಣಿಯುತ್ತದೆ, ತೊಡೆಯ ಸ್ನಾಯು ಬಲಿಯುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಭಾರ ಎತ್ತುವ, ಕುಕ್ಕರಗಾಲಿನಲ್ಲಿ ಕೂತು ಏಳುವ ಕಸರತ್ತು ಬೇಕು. ಉಳಿದ ದಿನ ಬಿರುಸಿನ ನಡಿಗೆ. ನಲವತ್ತರಲ್ಲಿ ಕೂಡಿಟ್ಟ ಸ್ನಾಯು ಎಪ್ಪತ್ತರಲ್ಲಿ ಬಚ್ಚಲಲ್ಲಿ ಬೀಳದಂತೆ ಕಾಯುತ್ತದೆ.

ಕೊನೆಯ ಮುಟ್ಟಿನ ಆಚೀಚಿನ ವರ್ಷದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ. ಹೆಣ್ಣಿಗೆ ಹೃದಯಾಘಾತ ಅಪರೂಪ ಎಂಬ ಧೈರ್ಯ ಇಲ್ಲಿಗೆ ಮುಗಿಯಿತು. ಆದ್ದರಿಂದ ನಲವತ್ತರ ಹುಟ್ಟುಹಬ್ಬಕ್ಕೆ ಸೀರೆಯ ಜೊತೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ಹಿಮೊಗ್ಲೋಬಿನ್ ಪರೀಕ್ಷೆಗಳೂ ಇರಲಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅತಿಸ್ರಾವ ಶುರುವಾಗುವ ಮುನ್ನವೇ ಅದನ್ನು ಸರಿಪಡಿಸಿಕೊಂಡವರಿಗೆ ಮುಂದಿನ ವರ್ಷಗಳು ಹಗುರ. ಗರ್ಭಕೊರಳಿನ ಮತ್ತು ಸ್ತನದ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಬಹುದು.

ಕೆಲಸದ ಜಾಗದಲ್ಲಿ

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನಂತರ ಹೊರಬಿದ್ದ ಆದೇಶದಲ್ಲಿ ವಯಸ್ಸಿನ ಮಿತಿ 18ರಿಂದ 52. ಆದೇಶ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಚರ್ಚೆಯೆಲ್ಲ ಕಾಲೇಜು ಮುಗಿಸಿ ಬಂದ ಹುಡುಗಿಯರ ಸುತ್ತಲೇ ನಡೆಯಿತು. ಆ 52 ಎಂಬ ಅಂಕಿಯೊಳಗೆ ಪೆರಿಮೆನೊಪಾಸಿನ ಹೆಂಗಸರೂ ಇದ್ದಾರೆ, ತಿಂಗಳಿಗೆ ಒಂದೇ ದಿನ ಎಂಬ ಲೆಕ್ಕ ಅವರಿಗೆ ಹೊಂದುವುದಿಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಟಾರ್ಗೆಟ್ ಮುಗಿಸದೆ ಏಳಲಾಗದವಳಿಗೆ, ಬಸ್ಸಿನ ಕಂಡಕ್ಟರಿಗೆ, ಟ್ರಾಫಿಕ್ ಡ್ಯೂಟಿಯ ಪೊಲೀಸಮ್ಮನಿಗೆ ರಜೆಗಿಂತ ಮೊದಲು ಬೇಕಾದದ್ದು ನೀರಿರುವ ಶೌಚಾಲಯ, ಅಲ್ಲಿಗೆ ಹೋಗಲು ಐದು ನಿಮಿಷದ ಬಿಡುವು, ಒಂದು ಫ್ಯಾನು. ಇವಕ್ಕೆ ಸಂಪುಟದ ನಿರ್ಣಯವೂ ಬೇಕಿಲ್ಲ.

ಸರ್ಕಾರಕ್ಕೆ ನನ್ನದೊಂದು ಕೋರಿಕೆ. ಬಸಿರಿ-ಬಾಣಂತಿಯರ ವಿವರ ಬರೆದುಕೊಳ್ಳಲು ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲಿ ನಲವತ್ತು ದಾಟಿದವರಿಗೂ ಎರಡು ಪ್ರಶ್ನೆ ಸೇರಿಸಿ: ಮುಟ್ಟು ಹೇಗೆ ಬರುತ್ತಿದೆ, ನಿದ್ದೆ ಹೇಗಿದೆ? ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಈ ವಯಸ್ಸಿನವರಿಗೆ ಮೀಸಲಿಡಿ.

ಓದುಗರಲ್ಲಿ ಇನ್ನೊಂದು. ನಿಮಗೆ ನಲವತ್ತು ತುಂಬಿದ್ದರೆ ಈ ತಿಂಗಳಿನಿಂದಲೇ ಮುಟ್ಟಿನ ತಾರೀಖು ಬರೆದಿಡಿ. ಭುಜನೋವಿಗೆ ಹೋದರೂ ಎದೆಬಡಿತಕ್ಕೆ ಹೋದರೂ ವೈದ್ಯರು ಕೇಳುವವರೆಗೆ ಕಾಯದೆ ಅದನ್ನು ತೋರಿಸಿ. ಗರ್ಭಕೋಶ ತೆಗೆಯಬೇಕು ಎಂದು ಯಾರೇ ಹೇಳಿದರೂ, ಕಾರಣವನ್ನು ಬರೆಸಿಕೊಂಡು, ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣುವವರೆಗೆ ಸಹಿ ಹಾಕಬೇಡಿ.